ಸೆಪ್ಸಿಸ್‌ನಲ್ಲಿ ಕರುಳಿನ ರಕ್ತಸಂಚಾರ: ದ್ರವ ಕೊಡುವಾಗ ಏನನ್ನು ನೋಡಬೇಕು, ಎಲ್ಲಿ ನಿಲ್ಲಿಸಬೇಕು

ಸೆಪ್ಸಿಸ್ (ಸೋಂಕಿಗೆ ದೇಹದ ಪ್ರತಿಕ್ರಿಯೆ ಹತೋಟಿ ತಪ್ಪಿ ಅಂಗಾಂಗಗಳು ಸೋಲುವ ಸ್ಥಿತಿ) ಆದ ರೋಗಿಗೆ ದ್ರವ ಹರಿಸುವಾಗ ನಮ್ಮ ಗಮನವೆಲ್ಲ ಮಾನಿಟರಿನ ರಕ್ತದೊತ್ತಡ, ಮೂತ್ರದ ಚೀಲ ಮತ್ತು ಅಂಗಾಂಶಕ್ಕೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್‌ನ ವರದಿಯ ಮೇಲೆಯೇ ಇರುತ್ತದೆ. ಹೊಟ್ಟೆಯ ಮೇಲೆ ಕೈಯಿಡುವುದು ಅದು ಉಬ್ಬಿ ಬಿಗಿಯಾದ ಮೇಲೆಯೇ. ಆ ಹೊತ್ತಿಗೆ ಕರುಳಿಗೆ ಆಗಬೇಕಾದ ಹಾನಿಯಲ್ಲಿ ಒಂದು ಪಾಲು ಆಗಿಯೇ ಹೋಗಿರುತ್ತದೆ. ತೀವ್ರ ನಿಗಾ ಘಟಕಗಳಲ್ಲಿ ಕೆಲಸ ಮಾಡುವ ಕಿರಿಯ ವೈದ್ಯರಿಗೆ, ಶುಶ್ರೂಷಕರಿಗೆ ಮತ್ತು ವೈದ್ಯಕೀಯ ವಿದ್ಯಾರ್ಥಿಗಳಿಗೆ ಈ ಬರಹ. ಇದರಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಕರುಳಿಗೆ ಎಷ್ಟು ರಕ್ತ ಸಿಗುತ್ತದೆ ಎಂಬುದು ಅದನ್ನು ಮುಂದಕ್ಕೆ ತಳ್ಳುವ ಒತ್ತಡದ ಜೊತೆಗೆ ಹಿಂದಿನಿಂದ ತಡೆಯುವ ಒತ್ತಡವನ್ನೂ ಅವಲಂಬಿಸಿದೆ, ಆದ್ದರಿಂದ ಮೊದಲ ಗಂಟೆಗಳಲ್ಲಿ ಕರುಳನ್ನು ಉಳಿಸುವ ದ್ರವವೇ ಮರುದಿನ ಅದರ ರಕ್ತವನ್ನು ಕಟ್ಟಿಹಾಕಬಲ್ಲದು.

ಮೊದಲು ಕರುಳಿನ ರಕ್ತವ್ಯವಸ್ಥೆ ಮನಸ್ಸಿನಲ್ಲಿರಲಿ

ವಿಶ್ರಾಂತಿಯಲ್ಲಿರುವಾಗ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಶೇ. 20ರಿಂದ 25ರಷ್ಟು ಜಠರ, ಕರುಳು, ಗುಲ್ಮ ಮತ್ತು ಯಕೃತ್ತಿನ ವಲಯಕ್ಕೆ ಹೋಗುತ್ತದೆ. ಊಟದ ನಂತರ ಸಣ್ಣ ಕರುಳಿನ ಮುಖ್ಯ ಅಪಧಮನಿಯಲ್ಲಿ ಹರಿವು ಸುಮಾರು ಎರಡು ಪಟ್ಟಾಗುತ್ತದೆ. ಕರುಳಿಗೆ ಬಂದ ರಕ್ತದ ಬಹುಪಾಲು, ಅಂದರೆ ನಾಲ್ಕರಲ್ಲಿ ಮೂರು ಪಾಲಿನಷ್ಟು, ಒಳಗಿನ ಲೋಳೆಪೊರೆಗೂ ಅದರ ತಳದ ಪದರಕ್ಕೂ ಸೇರುತ್ತದೆ. ಕೆಲವೇ ದಿನಗಳಿಗೊಮ್ಮೆ ತನ್ನ ಜೀವಕೋಶಗಳನ್ನು ಪೂರ್ತಿ ಹೊಸದಾಗಿಸಿಕೊಳ್ಳುವ ಆ ಪದರಕ್ಕೆ ಆಮ್ಲಜನಕದ ಬೇಡಿಕೆಯೂ ಹೆಚ್ಚು.

ಲೋಳೆಪೊರೆಯ ವಿಲ್ಲೈ ಎಂಬ ಸೂಕ್ಷ್ಮ ಚಾಚುಗಳ ರಚನೆಯಲ್ಲಿ ಒಂದು ದೌರ್ಬಲ್ಯವಿದೆ. ಪ್ರತಿ ಚಾಚಿನೊಳಗೆ ಮೇಲಕ್ಕೆ ಹೋಗುವ ಕಿರುಧಮನಿಯೂ ಕೆಳಕ್ಕೆ ಬರುವ ಕಿರುಸಿರೆಗಳೂ ಅಕ್ಕಪಕ್ಕದಲ್ಲೇ ಸಾಗುವುದರಿಂದ, ತುದಿಯನ್ನು ತಲುಪುವ ಮುನ್ನವೇ ಆಮ್ಲಜನಕದ ಒಂದು ಪಾಲು ನೇರವಾಗಿ ಸಿರೆಗೆ ಸೋರಿಹೋಗುತ್ತದೆ. ಆರೋಗ್ಯವಂತರಲ್ಲೂ ಚಾಚಿನ ತುದಿ ಕಡಿಮೆ ಆಮ್ಲಜನಕದಲ್ಲೇ ಬದುಕುತ್ತದೆ. ಹರಿವು ನಿಧಾನವಾದಷ್ಟೂ ಈ ಸೋರಿಕೆಗೆ ಹೆಚ್ಚು ಸಮಯ ಸಿಗುತ್ತದೆ, ಮತ್ತು ರಕ್ತಸಂಚಾರ ಕುಸಿದ ಆಘಾತದ (ಶಾಕ್) ಸ್ಥಿತಿಯಲ್ಲಿ ಮೊದಲು ಸಾಯುವುದು ಆ ತುದಿಯ ಜೀವಕೋಶಗಳೇ.

ಇನ್ನೊಂದು ಸಂಗತಿ. ಈ ವಲಯದ ಅಭಿಧಮನಿಗಳಲ್ಲಿ ದೇಹದ ಒಟ್ಟು ರಕ್ತದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಸಂಗ್ರಹವಾಗಿರುತ್ತದೆ. ರಕ್ತದೊತ್ತಡ ಕುಸಿದಾಗ ದೇಹ ಹೃದಯವನ್ನೂ ಮೆದುಳನ್ನೂ ಉಳಿಸಲು ಈ ಸಂಗ್ರಹವನ್ನೇ ಹಿಂಡುತ್ತದೆ ಮತ್ತು ಕರುಳಿನ ಅಪಧಮನಿಗಳನ್ನು ಬಿಗಿಗೊಳಿಸುತ್ತದೆ. ರಕ್ತದೊತ್ತಡ ಇನ್ನೂ ಸಾಮಾನ್ಯವಾಗಿ ಕಾಣುತ್ತಿರುವಾಗಲೇ ಕರುಳು ತನ್ನ ಪಾಲನ್ನು ಬಿಟ್ಟುಕೊಟ್ಟಿರಬಹುದು.

ಸೆಪ್ಸಿಸ್ ಕೆಡಿಸುವುದು ಎಲ್ಲಿ

2016ರಲ್ಲಿ ಪ್ರಕಟವಾದ ವ್ಯಾಖ್ಯಾನದ ಪ್ರಕಾರ, ಸೋಂಕಿಗೆ ದೇಹ ತೋರುವ ಹತೋಟಿ ತಪ್ಪಿದ ಪ್ರತಿಕ್ರಿಯೆಯಿಂದ ಅಂಗಾಂಗಗಳು ಜೀವಕ್ಕೆ ಅಪಾಯವಾಗುವಷ್ಟು ವಿಫಲವಾಗುವುದೇ ಸೆಪ್ಸಿಸ್. ಅದರಲ್ಲೂ ಸಾಕಷ್ಟು ದ್ರವ ಕೊಟ್ಟ ನಂತರವೂ ಸರಾಸರಿ ರಕ್ತದೊತ್ತಡವನ್ನು 65 ಮಿ.ಮೀ. ಪಾದರಸಕ್ಕೆ ಏರಿಸಿಡಲು ರಕ್ತನಾಳ ಬಿಗಿಗೊಳಿಸುವ ಔಷಧಿ ಬೇಕಾದರೆ, ಮತ್ತು ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್‌ಗಿಂತ ಹೆಚ್ಚಿದ್ದರೆ, ಅದನ್ನು ಸೆಪ್ಟಿಕ್ ಆಘಾತ ಎನ್ನುತ್ತೇವೆ.

ಈ ವ್ಯಾಖ್ಯಾನದ ಅಂಕಿಗಳು ದೊಡ್ಡ ರಕ್ತನಾಳಗಳ ಸ್ಥಿತಿಯನ್ನು ಹೇಳಬಲ್ಲವು, ಲೋಮನಾಳಗಳ ಸ್ಥಿತಿಯನ್ನಲ್ಲ. ಸೆಪ್ಸಿಸ್‌ನಲ್ಲಿ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡಿರುವ ಗ್ಲೈಕೊಕ್ಯಾಲಿಕ್ಸ್ ಎಂಬ ನವಿರು ಪದರ ಕಳಚುತ್ತದೆ. ಅದರಿಂದ ದ್ರವವೂ ಪ್ರೋಟೀನೂ ಅಂಗಾಂಶಕ್ಕೆ ಸೋರುತ್ತವೆ, ಬಿಳಿ ರಕ್ತಕಣಗಳು ಗೋಡೆಗೆ ಅಂಟುತ್ತವೆ, ಸಣ್ಣ ಸಣ್ಣ ಹೆಪ್ಪುಗಳು ಕಟ್ಟುತ್ತವೆ. ಕೆಂಪು ರಕ್ತಕಣಗಳು ಬಾಗುವ ಗುಣ ಕಳೆದುಕೊಂಡು ಕಿರಿದಾದ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅತಿಯಾಗಿ ಉತ್ಪತ್ತಿಯಾಗುವ ನೈಟ್ರಿಕ್ ಆಕ್ಸೈಡ್ ಕೆಲವು ನಾಳಗಳನ್ನು ಹಿಗ್ಗಿಸಿ, ಪಕ್ಕದ ನಾಳಗಳಿಗೆ ಹೋಗಬೇಕಾದ ರಕ್ತವನ್ನು ಅತ್ತ ಎಳೆಯುತ್ತದೆ. ಕೊನೆಗೆ ಒಂದು ಲೋಮನಾಳದಲ್ಲಿ ರಕ್ತ ರಭಸವಾಗಿ ಹರಿಯುತ್ತಿದ್ದರೆ ಅದರ ಪಕ್ಕದ್ದರಲ್ಲಿ ನಿಂತೇ ಹೋಗಿರುತ್ತದೆ. ಮುಖ್ಯ ಕಾಲುವೆ ತುಂಬಿ ಹರಿಯುತ್ತಿದ್ದರೂ ಕೊನೆಯ ಹೊಲಕ್ಕೆ ನೀರು ಮುಟ್ಟದಂಥ ಸ್ಥಿತಿ ಇದು. ಹೃದಯದ ಹೊರಹರಿವು ಹೆಚ್ಚಾಗಿ, ಕೈಕಾಲು ಬೆಚ್ಚಗಿರುವ ಸೆಪ್ಸಿಸ್ ರೋಗಿಯಲ್ಲೂ ಕರುಳಿನ ಲೋಳೆಪೊರೆ ಹಸಿದಿರಬಹುದು ಎಂಬುದನ್ನು ಹಾಸಿಗೆಯ ಬಳಿ ನಿಂತಾಗಲೆಲ್ಲ ನೆನಪಿಸಿಕೊಳ್ಳಬೇಕು.

ನಾಲಿಗೆಯ ಕೆಳಗಿನ ಲೋಮನಾಳಗಳನ್ನು ಕೈಯಲ್ಲಿ ಹಿಡಿಯುವ ಸೂಕ್ಷ್ಮದರ್ಶಕದಿಂದ ನೋಡಿ ಕರುಳಿನ ಸ್ಥಿತಿಯನ್ನು ಊಹಿಸುವ ಪ್ರಯತ್ನಗಳು ನಡೆದಿವೆ. ಆದರೆ ಕರುಳಿನ ತುದಿಯನ್ನು ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯ ಹೊರಗೆ ತಂದಿರುವ ಸೆಪ್ಸಿಸ್ ರೋಗಿಗಳಲ್ಲಿ ಎರಡೂ ಕಡೆ ಏಕಕಾಲದಲ್ಲಿ ನೋಡಿದಾಗ, ಆರಂಭದ ದಿನ ಒಂದಕ್ಕೊಂದು ತಾಳೆಯಾಗಲಿಲ್ಲ. ಇಂಥ ರೋಗಿ ನಿಮ್ಮ ಆರೈಕೆಯಲ್ಲಿದ್ದರೆ ಆ ತುದಿಯ ಬಣ್ಣವನ್ನು ಪ್ರತಿ ಸುತ್ತಿನಲ್ಲೂ ಬ್ಯಾಟರಿ ಹಿಡಿದು ನೋಡಿ. ಒದ್ದೆಯಾದ ಕೆಂಪು ಬಣ್ಣ ಒಳ್ಳೆಯದು. ಮಾಸಲು ನೇರಳೆಗೆ ತಿರುಗಿದರೆ ತಡಮಾಡದೆ ಶಸ್ತ್ರಚಿಕಿತ್ಸಕರಿಗೆ ತಿಳಿಸಿ. ಒಳಗಿನ ಕರುಳನ್ನು ಬರಿಗಣ್ಣಿನಿಂದ ನೋಡುವ ಇಂಥ ಅವಕಾಶ ಬೇರೆ ಯಾವ ರೋಗಿಯಲ್ಲೂ ಸಿಗುವುದಿಲ್ಲ.

ಮೊದಲ ಮೂರು ಗಂಟೆ

ಈ ಹಂತದಲ್ಲಿ ದ್ರವಕ್ಕೆ ಹಿಂಜರಿಯಬಾರದು. ಜ್ವರ, ವಾಂತಿ, ಸೋರಿಕೆ ಮತ್ತು ಹಿಗ್ಗಿದ ಅಭಿಧಮನಿಗಳಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿರುತ್ತದೆ. ದ್ರವ ಕೊಟ್ಟಾಗ ಹೃದಯದ ಹೊರಹರಿವು ಏರುತ್ತದೆ, ಕರುಳನ್ನು ಬಿಗಿದಿದ್ದ ನರಗಳ ಹಾಗೂ ಹಾರ್ಮೋನುಗಳ ಹಿಡಿತ ಸಡಿಲವಾಗುತ್ತದೆ. ರಕ್ತದ ಕೊರತೆಯಿಂದ ಬಿಗಿದುಕೊಂಡ ಕರುಳಿಗೆ ಆ ಕೊರತೆಯನ್ನು ತುಂಬುವುದೇ ಚಿಕಿತ್ಸೆ. ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ ಎಂಬ ಅಂತರರಾಷ್ಟ್ರೀಯ ತಜ್ಞರ ಬಳಗದ 2021ರ ಮಾರ್ಗಸೂಚಿ, ಸೆಪ್ಸಿಸ್‌ನಿಂದ ರಕ್ತಪೂರೈಕೆ ಕುಸಿದಿರುವ ಅಥವಾ ಸೆಪ್ಟಿಕ್ ಆಘಾತದಲ್ಲಿರುವ ವಯಸ್ಕರಿಗೆ ಮೊದಲ 3 ಗಂಟೆಗಳಲ್ಲಿ ತೂಕದ ಪ್ರತಿ ಕಿಲೋಗೆ ಕನಿಷ್ಠ 30 ಮಿ.ಲೀ. ಲವಣದ್ರವವನ್ನು ಸೂಚಿಸುತ್ತದೆ. 70 ಕಿಲೋ ತೂಕದವರಿಗೆ ಇದು 2,100 ಮಿ.ಲೀ. ಆಗುತ್ತದೆ. ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ಬಲವಾದ ಶಿಫಾರಸಾಗಿದ್ದ ಇದನ್ನು 2021ರಲ್ಲಿ ದುರ್ಬಲ ಶಿಫಾರಸಾಗಿ ಇಳಿಸಲಾಗಿದೆ ಎಂಬುದೂ ಗೊತ್ತಿರಬೇಕು. ಇಷ್ಟೂ ದ್ರವವನ್ನು ಒಂದೇ ಉಸಿರಿಗೆ ಹರಿಸಬೇಕಾಗಿಲ್ಲ. 250ರಿಂದ 500 ಮಿ.ಲೀ. ಕೊಟ್ಟು, ನೋಡಿ, ಮತ್ತೆ ಕೊಡುವುದೇ ಸರಿಯಾದ ಕ್ರಮ.

ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಿರಲಿ. 2011ರಲ್ಲಿ ಪ್ರಕಟವಾದ ಫೀಸ್ಟ್ ಅಧ್ಯಯನದಲ್ಲಿ, ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ ಆಫ್ರಿಕಾದ ಮಕ್ಕಳಿಗೆ ವೇಗವಾಗಿ ದ್ರವ ಕೊಟ್ಟ ಗುಂಪುಗಳಲ್ಲಿ 48 ಗಂಟೆಯೊಳಗಿನ ಸಾವುಗಳು ಹೆಚ್ಚಾದವು. ತೀವ್ರ ನಿಗಾ ಸೌಲಭ್ಯವಿಲ್ಲದ ಕಡೆ ನಡೆದ ಅಧ್ಯಯನವಾದ್ದರಿಂದ ಅದನ್ನು ಎಲ್ಲೆಡೆಗೂ ನೇರವಾಗಿ ಅನ್ವಯಿಸಲಾಗದು; ಆದರೂ ದ್ರವವನ್ನು ಔಷಧಿಯಂತೆ ಅಳೆದು ಕೊಡಬೇಕೆಂದು ಹೇಳಲು ಅದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.

ಯಾವ ದ್ರವ ಎಂಬ ಪ್ರಶ್ನೆಯನ್ನು ಬೇಗ ಮುಗಿಸಬಹುದು. ರಿಂಗರ್ ಲ್ಯಾಕ್ಟೇಟ್‌ನಂಥ ಸಮತೋಲಿತ ದ್ರವ ಮೊದಲ ಆಯ್ಕೆಯಾಗಿರಲಿ. ನಾರ್ಮಲ್ ಸಲೈನ್‌ನಲ್ಲಿ ಕ್ಲೋರೈಡ್ ಲೀಟರಿಗೆ 154 ಮಿಲಿಮೋಲ್ ಇರುವುದರಿಂದ, ಹೆಚ್ಚು ಕೊಟ್ಟಾಗ ರಕ್ತ ಆಮ್ಲೀಯವಾಗುತ್ತದೆ. ಪಿಷ್ಟದಿಂದ ಮಾಡಿದ ದ್ರವಗಳನ್ನು ಸೆಪ್ಸಿಸ್‌ನಲ್ಲಿ ಬಳಸಲೇಬಾರದು. ಲವಣದ್ರವ ಬಹಳ ಪ್ರಮಾಣದಲ್ಲಿ ಬೇಕಾಗುತ್ತಿದ್ದರೆ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ದ್ರಾವಣದ ಕುರಿತು ಹಿರಿಯರೊಂದಿಗೆ ಚರ್ಚಿಸಿ.

ಪ್ರತಿ ಬಾಟಲಿಗೂ ಮುನ್ನ ಪರೀಕ್ಷೆ

ಆರಂಭದ ಪ್ರಮಾಣ ಮುಗಿದ ಮೇಲೆ ಮುಂದಿನ ಪ್ರತಿ ಬಾಟಲಿಗೂ ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಬೇಕು. ರೋಗಿಗೆ ಹೆಚ್ಚು ಹರಿವಿನ ಅಗತ್ಯವಿದೆಯೇ? ದ್ರವ ಕೊಟ್ಟರೆ ಹರಿವು ನಿಜವಾಗಿ ಹೆಚ್ಚುತ್ತದೆಯೇ? ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಬಹಳಷ್ಟು ಹಾನಿಯಾಗುತ್ತದೆ.

ಮೊದಲ ಪ್ರಶ್ನೆಗೆ ಬೆರಳ ತುದಿ ಉತ್ತರ ಕೊಡುತ್ತದೆ. ಗಾಜಿನ ಸ್ಲೈಡನ್ನು ರೋಗಿಯ ಬಲಗೈ ತೋರುಬೆರಳಿನ ತುದಿಯ ಒಳಭಾಗದ ಮೇಲಿಟ್ಟು ಚರ್ಮ ಬಿಳಿಚುವಷ್ಟು ಒತ್ತಿ, 10 ಸೆಕೆಂಡು ಹಿಡಿದು, ಬಿಟ್ಟು, ಬಣ್ಣ ಮರಳುವವರೆಗೆ ಎಣಿಸಿ. 3 ಸೆಕೆಂಡಿಗಿಂತ ಹೆಚ್ಚಾದರೆ ಅದು ಸರಿಯಲ್ಲ. 2019ರ ಆಂಡ್ರೊಮಿಡಾ-ಶಾಕ್ ಅಧ್ಯಯನದಲ್ಲಿ ಅರ್ಧ ಗಂಟೆಗೊಮ್ಮೆ ಹೀಗೆ ನೋಡುತ್ತಾ ಚಿಕಿತ್ಸೆ ನಡೆಸಿದ್ದು, ಲ್ಯಾಕ್ಟೇಟ್ ನೋಡಿ ನಡೆಸಿದ ಚಿಕಿತ್ಸೆಗಿಂತ ಕೆಟ್ಟ ಫಲ ಕೊಡಲಿಲ್ಲ. ಲ್ಯಾಕ್ಟೇಟನ್ನು ನೋಡಬಾರದೆಂದಲ್ಲ. ಅದು ನಿಧಾನವಾಗಿ ಇಳಿಯುತ್ತದೆ, ಯಕೃತ್ತು ಸೋತಿದ್ದರೆ ಇನ್ನೂ ನಿಧಾನ, ಮತ್ತು ಅಡ್ರಿನಲಿನ್ ಹರಿಯುತ್ತಿದ್ದರೆ ರಕ್ತದ ಕೊರತೆಯಿಲ್ಲದೆಯೂ ಏರುತ್ತದೆ. ಹೆಚ್ಚಿನ ಲ್ಯಾಕ್ಟೇಟ್ ಕಂಡೊಡನೆ ಮತ್ತೊಂದು ಬಾಟಲಿ ತೂಗುಹಾಕುವ ಅಭ್ಯಾಸವನ್ನು ಮೊದಲು ಬಿಡಬೇಕು.

ಎರಡನೆಯ ಪ್ರಶ್ನೆಗೆ ಕಾಲೆತ್ತುವ ಪರೀಕ್ಷೆ ಇದೆ. ರೋಗಿಯನ್ನು 45 ಡಿಗ್ರಿ ಒರಗಿಸಿ, ನಂತರ ಹಾಸಿಗೆಯನ್ನೇ ತಿರುಗಿಸಿ ಮುಂಡವನ್ನು ಚಪ್ಪಟೆಯಾಗಿಸಿ ಕಾಲುಗಳನ್ನು 45 ಡಿಗ್ರಿಗೆ ಏರಿಸಿದರೆ, ಕಾಲು ಮತ್ತು ಹೊಟ್ಟೆಯ ಅಭಿಧಮನಿಗಳಿಂದ ಸುಮಾರು 300 ಮಿ.ಲೀ. ರಕ್ತ ಹೃದಯದತ್ತ ಬರುತ್ತದೆ. ಒಂದು ನಿಮಿಷದೊಳಗೆ ಎಕೊ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯಿಂದಲೋ ಬೇರೆ ಉಪಕರಣದಿಂದಲೋ ಹೃದಯದ ಹೊರಹರಿವನ್ನು ಅಳೆಯಬೇಕು, ಶೇ. 10ಕ್ಕೂ ಹೆಚ್ಚು ಏರಿದರೆ ದ್ರವ ಕೊಡುವುದರಲ್ಲಿ ಅರ್ಥವಿದೆ. ಆದರೆ ಹೊಟ್ಟೆಯೊಳಗಿನ ಒತ್ತಡ ಹೆಚ್ಚಿರುವ ರೋಗಿಯಲ್ಲಿ ಈ ಪರೀಕ್ಷೆ ನಂಬಲರ್ಹವಲ್ಲ. ಕಾಲಿನ ರಕ್ತ ಬಿಗಿದ ಹೊಟ್ಟೆಯನ್ನು ದಾಟಿ ಮೇಲೆ ಬಾರದೆ ಹೋಗಬಹುದು.

ಹೊಟ್ಟೆಯೊಳಗಿನ ಒತ್ತಡ ಅಳೆಯುವುದು

ಈ ಇಡೀ ವಿಷಯದಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ, ಆದರೂ ಅತ್ಯಂತ ಕಡಿಮೆ ಮಾಡಲಾಗುವ ಕೆಲಸ ಇದೇ ಎಂದು ನನ್ನ ನಂಬಿಕೆ. ಮೂತ್ರದ ಕೆಥೆಟರ್ ಹೇಗೂ ಇರುತ್ತದೆ. ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡಿ, ಚೀಲದ ಕಡೆಯ ಕೊಳವೆಗೆ ಕ್ಲ್ಯಾಂಪ್ ಹಾಕಿ, ನಂಜಿಲ್ಲದ ಸಲೈನನ್ನು ಹೆಚ್ಚೆಂದರೆ 25 ಮಿ.ಲೀ. ಒಳಬಿಟ್ಟು, ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರನ್ನು ಜೋಡಿಸಬೇಕು. ರೋಗಿ ಚಪ್ಪಟೆಯಾಗಿ ಮಲಗಿರಬೇಕು. ಕಂಕುಳಿನ ಮಧ್ಯರೇಖೆ ಸೊಂಟದ ಮೂಳೆಯ ಅಂಚನ್ನು ಸಂಧಿಸುವಲ್ಲಿ ಶೂನ್ಯ ಇಡಬೇಕು. ಸಲೈನ್ ಬಿಟ್ಟ ಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷ ಕಾದು, ಮೂತ್ರಕೋಶದ ಸ್ನಾಯು ಸಡಿಲಗೊಂಡ ನಂತರ, ಉಸಿರು ಹೊರಹೋದ ಕೊನೆಯ ಕ್ಷಣದಲ್ಲಿ ಓದಬೇಕು. ರೋಗಿ ಕೆಮ್ಮುತ್ತಿದ್ದರೆ, ತಿಣುಕುತ್ತಿದ್ದರೆ ಬಂದ ಅಂಕಿಯನ್ನು ಬರೆದುಕೊಳ್ಳಬೇಡಿ. ಟ್ರಾನ್ಸ್‌ಡ್ಯೂಸರ್ ಇಲ್ಲದೆ ನೀರಿನ ಕಂಬದ ಎತ್ತರದಲ್ಲಿ ಅಳೆದಿದ್ದರೆ, ಬಂದ ಸೆಂಟಿಮೀಟರನ್ನು 1.36ರಿಂದ ಭಾಗಿಸಿ ಪಾದರಸದ ಮಿಲಿಮೀಟರಿಗೆ ತನ್ನಿ. ಅಳತೆ ಮುಗಿದೊಡನೆ ಕ್ಲ್ಯಾಂಪ್ ತೆಗೆಯಿರಿ, ಮತ್ತು ಒಳಬಿಟ್ಟ ಸಲೈನನ್ನು ಆ ಗಂಟೆಯ ಮೂತ್ರದ ಲೆಕ್ಕದಿಂದ ಕಳೆಯಿರಿ.

ಪದೇ ಪದೇ 12 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೊಟ್ಟೆಯ ಒತ್ತಡ ಏರಿದೆ ಎಂದರ್ಥ. 20 ದಾಟಿ ನಿಂತು, ಅದರೊಂದಿಗೆ ಹೊಸದಾಗಿ ಒಂದು ಅಂಗ ಸೋತರೆ ಅದು ತುರ್ತು ಸ್ಥಿತಿ. ಶಸ್ತ್ರಚಿಕಿತ್ಸಕರನ್ನು ಆಗಲೇ ಕರೆಯಬೇಕು.

ಈ ಅಂಕಿಯನ್ನು ಬಳಸುವ ಬಗೆ ಹೀಗೆ. ಸರಾಸರಿ ರಕ್ತದೊತ್ತಡದಿಂದ ಹೊಟ್ಟೆಯ ಒತ್ತಡವನ್ನು ಕಳೆದರೆ, ಕರುಳಿಗೆ ರಕ್ತ ತಳ್ಳಲು ಉಳಿಯುವ ಒತ್ತಡ ಸಿಗುತ್ತದೆ. ಅದು 60ಕ್ಕಿಂತ ಮೇಲಿದ್ದರೆ ಒಳ್ಳೆಯದೆಂಬ ಲೆಕ್ಕ ಬಳಕೆಯಲ್ಲಿದೆ. ಎಲ್ಲರಿಗೂ ಕಟ್ಟುನಿಟ್ಟಾಗಿ ಹಿಡಿಯಬೇಕಾದ ಗುರಿಯಲ್ಲದಿದ್ದರೂ ದಿಕ್ಕು ತೋರಿಸಲು ಸಾಕು. ಎರಡನೆಯ ದಿನ ಬೆಳಿಗ್ಗೆ ಒಬ್ಬ ರೋಗಿಯ ಸರಾಸರಿ ರಕ್ತದೊತ್ತಡ 66, ಹೊಟ್ಟೆಯ ಒತ್ತಡ 18 ಇದೆಯೆಂದು ಭಾವಿಸಿ. ಉಳಿಯುವುದು 48. ಮಾನಿಟರಿನಲ್ಲಿ 65ರ ಗುರಿ ಮುಟ್ಟಿದೆ, ಕರುಳಿಗೆ ಮಾತ್ರ ಕೊರತೆಯೇ. ಗಂಟೆಗೆ 15 ಮಿ.ಲೀ. ಮೂತ್ರ ಬರುತ್ತಿದೆ ಎಂದು ಇನ್ನೊಂದು ಲೀಟರ್ ದ್ರವ ಕೊಟ್ಟಾಗ ರಕ್ತದೊತ್ತಡ 68ಕ್ಕೂ ಹೊಟ್ಟೆಯ ಒತ್ತಡ 20ಕ್ಕೂ ಏರಿತೆನ್ನಿ. ಉಳಿಯುವುದು ಮತ್ತೆ 48. ಚಾರ್ಟಿನಲ್ಲಿ ರಕ್ತದೊತ್ತಡ ಸುಧಾರಿಸಿದಂತೆ ಕಾಣುತ್ತದೆ, ಕರುಳಿಗೆ ಸಿಕ್ಕ ಲಾಭ ಸೊನ್ನೆ, ಅದರ ಗೋಡೆ ಮಾತ್ರ ಇನ್ನಷ್ಟು ಊದಿಕೊಂಡಿದೆ. ಹೊಟ್ಟೆಯ ಗೋಡೆ ಹಿಗ್ಗುವಷ್ಟು ಹಿಗ್ಗಿದ ಮೇಲೆ ಸ್ವಲ್ಪ ದ್ರವವೂ ಒತ್ತಡವನ್ನು ಬಹಳ ಏರಿಸುತ್ತದೆ. ಆದ್ದರಿಂದ ಮುಂದಿನ ಲೀಟರಿನ ಹಾನಿ ಹಿಂದಿನದಕ್ಕಿಂತ ಹೆಚ್ಚು.

ಊದಿಕೊಂಡ ಗೋಡೆಯಲ್ಲಿ ಲೋಮನಾಳದಿಂದ ಜೀವಕೋಶಕ್ಕಿರುವ ದೂರವೂ ಹೆಚ್ಚುತ್ತದೆ, ಚಲನೆ ನಿಧಾನವಾಗುತ್ತದೆ, ಹೊಲಿಗೆ ಹಾಕಿದ ಕರುಳು ಮಾಯುವುದು ತಡವಾಗುತ್ತದೆ. ಇಂಥ ರೋಗಿಗೆ ಬಾಟಲಿಯ ಬದಲು ಬೇಕಾದದ್ದು ಮೂಗಿನ ಕೊಳವೆಯಿಂದ ಜಠರವನ್ನು ಬರಿದು ಮಾಡುವುದು, ನೋವಿಗೂ ತಳಮಳಕ್ಕೂ ಸರಿಯಾದ ಔಷಧಿ, ಹೊಟ್ಟೆಯಲ್ಲಿ ದ್ರವ ನಿಂತಿದ್ದರೆ ಅದನ್ನು ಹೊರತೆಗೆಯುವುದು, ಮತ್ತು ದ್ರವದ ಲೆಕ್ಕವನ್ನು ಹಿಮ್ಮುಖವಾಗಿಸುವುದು.

ಹಿಂದಿನ ಒತ್ತಡಕ್ಕೆ ಇನ್ನೊಂದು ಮೂಲ ಹೃದಯದ ಬಲಭಾಗ. ವೆಂಟಿಲೇಟರಿನ ಒತ್ತಡ ಹೆಚ್ಚಿದ್ದಾಗ, ಬಲ ಹೃತ್ಕುಕ್ಷಿ ಸೋತಾಗ, ಅಥವಾ ದ್ರವ ಅತಿಯಾದಾಗ ಅಭಿಧಮನಿಗಳಲ್ಲಿ ರಕ್ತ ಕಟ್ಟಿಕೊಂಡು ಯಕೃತ್ತಿನ ಮೂಲಕ ಕರುಳಿನವರೆಗೂ ಒತ್ತುತ್ತದೆ. ಅಲ್ಟ್ರಾಸೌಂಡ್ ಬಲ್ಲವರು ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ಅಭಿಧಮನಿಯಲ್ಲಿ, ಹರಿವಿನ ವೇಗ ತೋರಿಸುವ ಡಾಪ್ಲರ್ ಇಟ್ಟು ನೋಡಬಹುದು. ಸಹಜವಾಗಿ ಅಲ್ಲಿ ಹರಿವು ಬಹುತೇಕ ಸಮವಾಗಿರುತ್ತದೆ. ಗರಿಷ್ಠ ಮತ್ತು ಕನಿಷ್ಠ ವೇಗಗಳ ಅಂತರ ಗರಿಷ್ಠ ವೇಗದ ಶೇ. 30 ದಾಟಿದರೆ ರಕ್ತ ಕಟ್ಟಿಕೊಳ್ಳುತ್ತಿದೆ ಎಂದೂ, ಶೇ. 50 ದಾಟಿದರೆ ತೀವ್ರವೆಂದೂ ಎಣಿಸುತ್ತಾರೆ. ತೆಳ್ಳಗಿನ ಆರೋಗ್ಯವಂತರಲ್ಲೂ ಕೆಲವೊಮ್ಮೆ ಇಂಥ ಏರಿಳಿತ ಕಾಣುವುದರಿಂದ ಇದೊಂದನ್ನೇ ನಂಬಿ ತೀರ್ಮಾನಿಸಬಾರದು.

ಔಷಧಿಯಿಂದ ಒತ್ತಡ ಏರಿಸುವಾಗ

ನಾರ್‌ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಯುತ್ತದೆ, ಆದ್ದರಿಂದ ಕರುಳಿಗೆ ಕೆಟ್ಟದ್ದು ಎಂಬ ಭಯ ಇನ್ನೂ ಹಲವರಲ್ಲಿದೆ. ಸೆಪ್ಸಿಸ್‌ನಲ್ಲಿ ನಾಳಗಳು ಮೊದಲೇ ಅತಿಯಾಗಿ ಸಡಿಲಗೊಂಡಿರುತ್ತವೆ. ಸರಿಯಾದ ಪ್ರಮಾಣದ ನಾರ್‌ಅಡ್ರಿನಲಿನ್ ಸರಾಸರಿ ಒತ್ತಡವನ್ನು ಮೇಲೆತ್ತುವುದರ ಜೊತೆಗೆ ಅಭಿಧಮನಿಗಳಲ್ಲಿ ಸುಮ್ಮನೆ ನಿಂತ ರಕ್ತವನ್ನೂ ಹೃದಯಕ್ಕೆ ಮರಳಿಸುತ್ತದೆ, ಅದರಿಂದ ಬೇಕಾಗುವ ದ್ರವ ಕಡಿಮೆಯಾಗುತ್ತದೆ. ಕರುಳಿನ ದೃಷ್ಟಿಯಿಂದ, ನಾಲ್ಕನೆಯ ಲೀಟರಿಗಾಗಿ ಕಾಯುವುದಕ್ಕಿಂತ ಅದನ್ನು ಬೇಗ ಆರಂಭಿಸುವುದೇ ಲೇಸು. ದೊಡ್ಡ ಅಭಿಧಮನಿಗೆ ಕೊಳವೆ ಹಾಕುವವರೆಗೆ ತಡಮಾಡದೆ, ಮೊಣಕೈ ಮಡಿಕೆಯಲ್ಲೋ ಅದಕ್ಕಿಂತ ಮೇಲೋ ಇರುವ ಒಳ್ಳೆಯ ಸಿರೆಯ ಮೂಲಕ ಸ್ವಲ್ಪ ಹೊತ್ತು ಕೊಡಬಹುದೆಂದು 2021ರ ಮಾರ್ಗಸೂಚಿಯೂ ಹೇಳುತ್ತದೆ. ಸೂಜಿಯ ಸುತ್ತಲಿನ ಚರ್ಮವನ್ನು ಆಗಾಗ ನೋಡುತ್ತಿರಬೇಕಷ್ಟೆ.

ವೇಸೊಪ್ರೆಸಿನ್ ವಿಷಯ ಬೇರೆ. ಕರುಳಿನ ಅಪಧಮನಿಗಳನ್ನು ಅದು ನೇರವಾಗಿ ಬಿಗಿಯಬಲ್ಲದು. ನಾರ್‌ಅಡ್ರಿನಲಿನ್ ಪ್ರಮಾಣ ಏರುತ್ತಿರುವಾಗ ಅದರೊಂದಿಗೆ ನಿಮಿಷಕ್ಕೆ 0.03 ಯೂನಿಟ್‌ನಂತೆ ಸೇರಿಸುವುದು ರೂಢಿ. ಅದನ್ನು ಏರಿಸುತ್ತಾ ಹೋಗಬಾರದು. ರಕ್ತದ ಕೊರತೆ ಉಳಿದಿರುವ ದೇಹದಲ್ಲಿ ಯಾವ ಔಷಧಿಯಿಂದ ನಾಳ ಬಿಗಿದರೂ ಕರುಳೇ ಬೆಲೆ ತೆರುತ್ತದೆ.

ಕ್ಲಾಸಿಕ್ (2022) ಮತ್ತು ಕ್ಲೋವರ್ಸ್ (2023) ಅಧ್ಯಯನಗಳಲ್ಲಿ, ಆರಂಭದ ದ್ರವದ ನಂತರ ಕಡಿಮೆ ದ್ರವ ಕೊಟ್ಟವರಿಗೂ ಹೆಚ್ಚು ಕೊಟ್ಟವರಿಗೂ 90 ದಿನಗಳ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹೇಗೆ ಕೊಟ್ಟರೂ ಆದೀತು ಎಂದು ಓದುವುದು ತಪ್ಪು. ಎಲ್ಲರಿಗೂ ಹೊಂದುವ ಒಂದೇ ಅಳತೆ ಇಲ್ಲವೆಂದೂ, ಎದುರಿಗಿರುವ ರೋಗಿಯ ಹೊಟ್ಟೆ, ಬೆರಳು, ಹೃದಯಗಳನ್ನು ನೋಡಿಯೇ ನಿರ್ಧರಿಸಬೇಕೆಂದೂ ನಾನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ.

ಆಹಾರ ಯಾವಾಗ

ಕರುಳಿಗೆ ಬಿದ್ದ ಆಹಾರ ಲೋಳೆಪೊರೆಯನ್ನು ಪೋಷಿಸುತ್ತದೆ, ಅಲ್ಲಿಗೆ ರಕ್ತವನ್ನೂ ಸೆಳೆಯುತ್ತದೆ. ಅದೇ ಹೊತ್ತಿಗೆ ಆಮ್ಲಜನಕದ ಬೇಡಿಕೆಯನ್ನೂ ಏರಿಸುತ್ತದೆ. ವೆಂಟಿಲೇಟರ್ ಮೇಲಿದ್ದು ಆಘಾತದಲ್ಲಿದ್ದ ವಯಸ್ಕರಿಗೆ ಆರಂಭದಿಂದಲೇ ಪೂರ್ಣ ಪ್ರಮಾಣದ ಆಹಾರವನ್ನು ಕೊಳವೆಯಿಂದ ಕೊಟ್ಟ ನ್ಯೂಟ್ರಿರಿಯಾ-2 (2018) ಅಧ್ಯಯನದಲ್ಲಿ, ಸಿರೆಯ ಮೂಲಕ ಪೋಷಣೆ ಪಡೆದವರಿಗಿಂತ ಅವರಲ್ಲಿ ಕರುಳಿನ ರಕ್ತಕೊರತೆ ಹೆಚ್ಚು ಕಂಡಿತು: ಸುಮಾರು ಶೇ. 2, ಇನ್ನೊಂದು ಗುಂಪಿನಲ್ಲಿ ಶೇ. 1ಕ್ಕಿಂತ ಕಡಿಮೆ. ಹಾಗಾಗಿ ರಕ್ತದೊತ್ತಡ ಏರಿಸುವ ಔಷಧಿಯ ಪ್ರಮಾಣ ಏರುತ್ತಲೇ ಇರುವಾಗ ಆಹಾರ ತಡೆಯಿರಿ. ಪ್ರಮಾಣ ಸ್ಥಿರವಾಗಿ ಅಥವಾ ಇಳಿಮುಖವಾಗಿ, ಲ್ಯಾಕ್ಟೇಟ್ ಇಳಿಯುತ್ತಿರುವಾಗ, ಗಂಟೆಗೆ 10ರಿಂದ 20 ಮಿ.ಲೀ.ಯಂತೆ ಆರಂಭಿಸಿ ನಿಧಾನವಾಗಿ ಹೆಚ್ಚಿಸಿ.

ಆರಂಭಿಸಿದ ಮೇಲೆ ಹೊಟ್ಟೆ ಉಬ್ಬುವುದು, ಕೊಳವೆಯಿಂದ ಆಹಾರ ಹಿಂದೆ ಬರುವುದು, ಮಲದಲ್ಲಿ ರಕ್ತ, ಇಳಿಯುತ್ತಿದ್ದ ಲ್ಯಾಕ್ಟೇಟ್ ಕಾರಣವಿಲ್ಲದೆ ತಿರುಗಿ ಏರುವುದು, ನಿಂತಿದ್ದ ನಾರ್‌ಅಡ್ರಿನಲಿನ್ ಮತ್ತೆ ಬೇಕಾಗುವುದು, ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೂ ಆಹಾರ ನಿಲ್ಲಿಸಿ ಕರುಳಿನ ರಕ್ತಕೊರತೆಯನ್ನು ಶಂಕಿಸಬೇಕು. ಅಪಧಮನಿಯಲ್ಲಿ ಹೆಪ್ಪಿಲ್ಲದೆಯೂ, ಹರಿವು ಕುಗ್ಗಿ ನಾಳಗಳು ಬಿಗಿದುಕೊಂಡದ್ದರಿಂದಲೇ ಕರುಳು ಸಾಯಬಹುದು. ನಿದ್ರೆಯ ಔಷಧಿಯಲ್ಲಿರುವ ರೋಗಿ ನೋವು ಹೇಳಲಾರ, ಹೊಟ್ಟೆ ಮೃದುವಾಗಿರುವುದೂ ಭರವಸೆಯಲ್ಲ, ಲ್ಯಾಕ್ಟೇಟ್ ಸಾಮಾನ್ಯವಾಗಿದ್ದ ಮಾತ್ರಕ್ಕೆ ಕರುಳು ಚೆನ್ನಾಗಿದೆ ಎನ್ನುವಂತಿಲ್ಲ. ಬಣ್ಣದ್ರವ ಹಾಕಿ ಮಾಡುವ ಸಿಟಿ ಆಂಜಿಯೊಗ್ರಫಿ ಬೇಕು. ಮೂತ್ರಪಿಂಡಕ್ಕೆ ತೊಂದರೆಯಾದೀತೆಂಬ ಅಳುಕಿನಿಂದ ಅದನ್ನು ಮರುದಿನಕ್ಕೆ ತಳ್ಳಬಾರದು.

ದ್ರವ ಹೊರತೆಗೆಯುವ ಹಂತ

ಸೋಂಕಿನ ಮೂಲ ಹತೋಟಿಗೆ ಬಂದು, ಔಷಧಿಯ ಪ್ರಮಾಣ ಇಳಿಯುತ್ತಿದ್ದಂತೆ ಲೆಕ್ಕದ ದಿಕ್ಕು ಬದಲಾಗಬೇಕು. ಮೊದಲು ನಿಲ್ಲಿಸಬೇಕಾದದ್ದು ಯಾರೂ ಎಣಿಸದ ದ್ರವ: ದಿನವಿಡೀ ಹರಿಯುವ ನಿರ್ವಹಣಾ ಡ್ರಿಪ್, ಪ್ರತಿ ಆಂಟಿಬಯಾಟಿಕ್‌ಗೂ ಬೆರೆಸುವ 100 ಮಿ.ಲೀ., ಕೊಳವೆಗಳನ್ನು ತೊಳೆಯುವ ಸಲೈನ್. ಇವನ್ನೆಲ್ಲ ಕೂಡಿದರೆ ದಿನಕ್ಕೆ ಒಂದು ಲೀಟರ್ ಮೀರುವುದು ಅಪರೂಪವೇನಲ್ಲ, ಮತ್ತು ಅದನ್ನು ಯಾರೂ ಚಿಕಿತ್ಸೆಯೆಂದು ಬರೆದಿರುವುದಿಲ್ಲ. ಶುಶ್ರೂಷಕರು ಇವನ್ನು ಪ್ರತ್ಯೇಕ ಸಾಲಿನಲ್ಲಿ ಬರೆದಿಟ್ಟರೆ ವೈದ್ಯರ ಸುತ್ತಿನಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಔಷಧಿಗಳನ್ನು ಸಾಧ್ಯವಿದ್ದಷ್ಟು ಕಡಿಮೆ ದ್ರವದಲ್ಲಿ ಬೆರೆಸಲು ಔಷಧತಜ್ಞರನ್ನು ಕೇಳಿ.

ನಂತರವೂ ಊತ ಉಳಿದಿದ್ದರೆ ಮೂತ್ರ ಹೆಚ್ಚಿಸುವ ಫ್ಯುರೊಸೆಮೈಡ್, ಅದಕ್ಕೆ ಮೂತ್ರಪಿಂಡ ಸ್ಪಂದಿಸದಿದ್ದರೆ ಡಯಾಲಿಸಿಸ್ ಮೂಲಕ ನಿಧಾನವಾಗಿ ದ್ರವ ಹೊರತೆಗೆಯುವುದು. ಇಲ್ಲೂ ವೇಗ ಮಿತವಾಗಿರಬೇಕು. ರಕ್ತನಾಳದಿಂದ ತೆಗೆದಷ್ಟು ದ್ರವ ಅಂಗಾಂಶದಿಂದ ಮರಳಿ ತುಂಬಿಕೊಳ್ಳಲು ಸಮಯ ಬೇಕು. ಅವಸರ ಮಾಡಿದರೆ ರಕ್ತದೊತ್ತಡ ಕುಸಿದು, ಮೊದಲ ದಿನದ ಕೊರತೆಯೇ ಕರುಳಿಗೆ ಮರುಕಳಿಸುತ್ತದೆ. ಬೆರಳ ತುದಿಯ ಬಣ್ಣ ಮರಳುವ ಸಮಯ 3 ಸೆಕೆಂಡು ದಾಟಿದರೆ, ಅಥವಾ ನಾರ್‌ಅಡ್ರಿನಲಿನ್ ಏರಿಸಬೇಕಾಗಿ ಬಂದರೆ, ಹೊರತೆಗೆಯುವುದನ್ನು ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅರ್ಧ ವೇಗದಲ್ಲಿ ಮುಂದುವರಿಸಿ. ಹೊಟ್ಟೆಯ ಒತ್ತಡವನ್ನು 4ರಿಂದ 6 ಗಂಟೆಗೊಮ್ಮೆ ಅಳೆಯುವುದನ್ನು, ಅದು 12ರ ಕೆಳಗಿಳಿದು ಅಲ್ಲಿಯೇ ನಿಲ್ಲುವವರೆಗೂ ಬಿಡಬೇಡಿ.